42 ಡಿಗ್ರಿ ರಾಯಚೂರಿಗಿಂತ 34 ಡಿಗ್ರಿ ಮಂಗಳೂರು ಯಾಕಿಷ್ಟು ಸುಸ್ತು ಮಾಡ್ತದ?

ಮಾನ್ವಿಯವ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮೂರು ರಾಯಚೂರು ಜಿಲ್ಲಾ ಮಾನ್ವಿ ಹತ್ರ, ಕೆಲಸದ ಸಲುವಾಗಿ ಈಗ ಮಂಗಳೂರಾಗ ಇದ್ದೀನಿ. ನಮ್ಮ ಕಡೆ ಏಪ್ರಿಲ್-ಮೇ ಬಂತಂದ್ರ 42 ಡಿಗ್ರಿ ಮಾಮೂಲಿ, ಹೊರಗ ಕಾಲಿಟ್ರ ಝಳ ಮುಖಕ್ಕ ಬಡೀತದ ಖರೇ, ಆದ್ರ ಬೇವಿನ ಗಿಡದ ನೆರಳಿಗೆ ಬಂದು ತಲಿಗೆ ಒಂದು ಹಸಿ ಟವಲ್ ಸುತ್ಕೊಂಡು ಕುಂತ್ರ ಸ್ವಲ್ಪ ಹೊತ್ತಿನ್ಯಾಗ ಜೀವಕ್ಕ ಹಾಯ್ ಅನಸ್ತದ. ಇಲ್ಲಿ ಫೋನ್ನಾಗ 34 ತೋರಸ್ತದ, ನೆರಳಾಗ ಕುಂತ್ರೂ ಬೆವರು ನಿಲ್ಲವಲ್ದು, ಅಂಗಿ ಮೈಗೆ ಅಂಟ್ಕೊಂಡೇ ಇರ್ತದ, ಸಂಜಿ ಆಗೋದ್ರಾಗ ತಲಿ ಭಾರ, ಕಾಲಾಗ ಶಕ್ತಿನೇ ಇಲ್ದಂಗ. ಬೆವರು ಬಂದ್ರ ಮೈ ತಂಪಾಗ್ತದ ಅಂತ ಸಾಲ್ಯಾಗ ಕಲ್ತೀವಿ, ಹಂಗಾದ್ರ ಇಷ್ಟೊಂದು ಬೆವರು ಹರಿಯೋ ಇಲ್ಲಿ ಮೈ ಇನ್ನೂ ತಂಪ ಇರಬೇಕಲ್ರೀ?

ಇನ್ನೊಂದು, ಮುಂದಿನ ತಿಂಗಳು ಅವ್ವ ಅಪ್ಪ ಬಂದು ಇರೋರದಾರ. ಅವ್ವಗ ಬಿಪಿ ಗುಳಿಗಿ ನಡದಾವ. ಊರಾಗ ಇರೋ ಥರ ಒಂದು ಏರ್ ಕೂಲರ್ ತಗೋಳೋಣು ಅಂತ ಮಾಡೀನಿ. ತಿಳದವರು ಹೇಳ್ರಿ.

ಕಡಲತಡಿ:
ಕೂಲರಿಗೆ ಹಣ ಹಾಕ್ಬೇಡಿ ಮಾರಾಯ್ರೆ. ನಮ್ಮಲ್ಲಿ ಗಾಳಿಯಲ್ಲೇ ನೀರುಂಟು, ಕೂಲರ್ ಅದಕ್ಕೆ ಇನ್ನಷ್ಟು ನೀರು ಸೇರಿಸ್ತದೆ ಅಷ್ಟೆ, ಕಿಟಕಿ ಮುಚ್ಚಿ ಓಡಿಸಿದ್ರೆ ಹಾಸಿಗೆ ಬಟ್ಟೆ ಎಲ್ಲ ಚಂಡಿ ಚಂಡಿ. ಇಲ್ಲಿ ಎಂತ ಇದ್ರೂ ಫ್ಯಾನು, ಎರಡೂ ಬದಿ ಕಿಟಕಿ ತೆಗೆದಿಡುದು, ದಿನಕ್ಕೆ ಎರಡು ಮೂರು ಸಲ ಮೀಯುದು. ಮಳೆ ಹಿಡಿಯುವ ಮೊದಲು ಮೇ ಕೊನೆಗೆ ಇನ್ನೂ ಕಷ್ಟ ಉಂಟು, ಗಾಳಿಯೇ ಅಲ್ಲಾಡುದಿಲ್ಲ. ಕಾರಣ ಎಂತದು ಅಂತ ಓದಿದವರು ಯಾರಾದ್ರೂ ಬಿಡಿಸಿ ಹೇಳ್ಲಿ.

ಮೆಡಿಕಲ್_ಮೇಷ್ಟ್ರು:
ಶರೀರಕ್ರಿಯೆ ಪಾಠ ಮಾಡೋನು ನಾನು, ಹಾಗಾಗಿ ಸ್ವಲ್ಪ ಉದ್ದ ಆಗತ್ತೆ, ಓದಿ. ಮಾನ್ವಿಯವರೇ, ಮೈ ತಂಪಾಗೋದು ಬೆವರು ಬಂದಾಗ ಅಲ್ಲ, ಅದು ಚರ್ಮದ ಮೇಲೇ ಆರಿದಾಗ. ಹನಿಯಾಗಿ ನೆಲಕ್ಕೆ ಬಿದ್ದ ಬೆವರು, ಕರ್ಚೀಫಲ್ಲಿ ಒರೆಸಿ ಬಿಸಾಕಿದ ಬೆವರು, ಇದರಿಂದ ತಂಪು ಹೆಚ್ಚುಕಮ್ಮಿ ಸೊನ್ನೆ, ನೀರು ಉಪ್ಪು ಮಾತ್ರ ಖರ್ಚು. ಮಣ್ಣಿನ ಮಡಕೆಯಲ್ಲಿ ಒಳಗಿನ ನೀರು ತಣ್ಣಗಾಗೋದು ಹೊರಗೆ ಜಿನುಗಿದ ನೀರು ಆರೋದ್ರಿಂದ ಅಲ್ವಾ, ಮಳೆಗಾಲದಲ್ಲಿ ಅದೇ ಮಡಕೆ ಅಷ್ಟು ತಣ್ಣಗೆ ಮಾಡಲ್ಲ, ನಮ್ಮ ಚರ್ಮದ ಕಥೆನೂ ಅದೇ.

ಈಗ ಲೆಕ್ಕಕ್ಕೆ ಬರೋಣ. ನಾವು ಸುಮ್ಮನೆ ಕೂತಿದ್ರೂ ದೇಹ ಸುಮಾರು 100 ವಾಟ್ ಶಾಖ ಹುಟ್ಟಿಸ್ತಾ ಇರತ್ತೆ, ಗುದ್ದಲಿ ಹಿಡಿದು ಕೆಲಸ ಮಾಡಿದ್ರೆ 400 ದಾಟತ್ತೆ. ಇದನ್ನ ಹೊರಗೆ ಹಾಕ್ಲೇಬೇಕು, ಒಳಗಿನ ತಾಪ 37ರ ಆಸುಪಾಸಲ್ಲೇ ಇರಬೇಕು. ಮಿದುಳಲ್ಲಿ ಹೈಪೊಥಲಾಮಸ್ ಅಂತ ಒಂದು ಚಿಕ್ಕ ಭಾಗ ಇದೆ, ಅದು ರಕ್ತದ ಬಿಸಿನೂ ಚರ್ಮದಿಂದ ಬರೋ ಸುದ್ದಿನೂ ನೋಡ್ಕೊಂಡು ಎರಡು ಕೆಲಸ ಮಾಡಿಸತ್ತೆ. ಮೊದಲನೇದು ಚರ್ಮದ ರಕ್ತನಾಳ ಅಗಲ ಮಾಡಿ ಒಳಗಿನ ಬಿಸಿ ರಕ್ತನ ಮೇಲಕ್ಕೆ ತರೋದು. ಆರಾಮಾಗಿದ್ದಾಗ ಚರ್ಮಕ್ಕೆ ನಿಮಿಷಕ್ಕೆ ಕಾಲು-ಅರ್ಧ ಲೀಟರ್ ರಕ್ತ ಹೋಗ್ತಿರತ್ತೆ, ತೀರಾ ಸೆಕೆಯಲ್ಲಿ ಅದು 6-8 ಲೀಟರ್ ತನಕ ಏರಬಹುದು. ಅಷ್ಟನ್ನೂ ತಳ್ಳಬೇಕಾದ್ದು ಹೃದಯ, ಅದಕ್ಕೇ ನೀವು ಏನೂ ಕೆಲಸ ಮಾಡದೇನೂ ಸುಸ್ತಾಗೋದು. ಬಿಸಿಲಿನ ದಿನಗಳಲ್ಲಿ ಹೃದಯದ ತೊಂದ್ರೆ ಇರೋರು ಜಾಸ್ತಿ ತೀರಿಕೊಳ್ಳೋದೂ ಇದೇ ಕಾರಣಕ್ಕೆ.

ಎರಡನೇದು ಬೆವರು. 20 ರಿಂದ 40 ಲಕ್ಷ ಬೆವರು ಗ್ರಂಥಿ ಇದೆ ನಮ್ಮ ಮೈಮೇಲೆ. ಒಂದು ಲೀಟರ್ ಬೆವರು ಪೂರ್ತಿ ಆರಿದ್ರೆ ಸುಮಾರು 580 ಕಿಲೋಕ್ಯಾಲರಿ ಶಾಖ ಎತ್ಕೊಂಡು ಹೋಗತ್ತೆ. ಅಂದ್ರೆ ಕೂತಿರೋ ಮನುಷ್ಯನ 100 ವಾಟ್ ಹೊರಹಾಕೋಕೆ ಗಂಟೆಗೆ 150 ಮಿಲಿಲೀಟರ್, ಸಣ್ಣ ಲೋಟದಷ್ಟು ಬೆವರು ಸಾಕು, ಆದ್ರೆ ಅದು ಆರಬೇಕು.

ಗಾಳಿ ಚರ್ಮಕ್ಕಿಂತ ತಣ್ಣಗಿದ್ರೆ ಬೆವರಿಲ್ಲದೇನೂ ಶಾಖ ತಾನಾಗೇ ಹೋಗತ್ತೆ. ಸೆಕೆಯಲ್ಲಿ ಚರ್ಮ ಸುಮಾರು 35 ಡಿಗ್ರಿ ಇರತ್ತೆ, ಹಾಗಾಗಿ ಮಂಗಳೂರಿನ 34ರಲ್ಲಿ ಆ ದಾರಿ ಹೆಚ್ಚುಕಮ್ಮಿ ಬಂದ್, ರಾಯಚೂರಿನ 42ರಲ್ಲಿ ಗಾಳಿನೇ ಉಲ್ಟಾ ನಮ್ಮನ್ನ ಕಾಯಿಸತ್ತೆ. ಎರಡೂ ಕಡೆ ಉಳಿಯೋದು ಬೆವರು ಒಂದೇ. ಈಗ ಮಂಗಳೂರಲ್ಲಿ 34 ಡಿಗ್ರಿ, 65% ತೇವಾಂಶ ಅಂತಿಟ್ಕೊಳಿ, ರಾಯಚೂರಲ್ಲಿ 42 ಡಿಗ್ರಿ, 15%. ಚರ್ಮದ ಮೇಲಿನ ಬೆವರಿನ ಆವಿ ಒತ್ತಡಕ್ಕೂ ಗಾಳಿಯಲ್ಲಿರೋ ಆವಿ ಒತ್ತಡಕ್ಕೂ ಎಷ್ಟು ಅಂತರ ಇದ್ಯೋ ಅಷ್ಟು ಬೇಗ ಬೆವರು ಆರತ್ತೆ. ಲೆಕ್ಕ ಹಾಕಿದ್ರೆ ನಿಮ್ಮೂರಲ್ಲಿ ಆ ಅಂತರ ಮಂಗಳೂರಿನ ಎರಡು ಪಟ್ಟು! ಅದಕ್ಕೇ ನೆರಳಲ್ಲಿ ಹಸಿ ಟವಲ್ ಸುತ್ಕೊಂಡ ತಕ್ಷಣ ಹಾಯ್ ಅನ್ಸೋದು, ಅದಕ್ಕೇ ಅಲ್ಲಿ ಕೂಲರ್ ಕೆಲಸ ಮಾಡೋದು, ಇಲ್ಲಿ ಮಾಡದೇ ಇರೋದು.

ಇದರ ಬಗ್ಗೆ ಹಳೇ ಪ್ರಯೋಗ ಒಂದು ನನಗೆ ಬಹಳ ಇಷ್ಟ. 1774ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಲ್ಯಾಗ್ಡೆನ್ ಅನ್ನೋ ಡಾಕ್ಟರು ಸ್ನೇಹಿತರ ಜೊತೆ ಕಾಯಿಸಿದ ಕೋಣೆಗಳೊಳಗೆ ಹೋಗಿ ನಿಂತು ನೋಡಿದ್ರು, ಬಿಸಿ ಏರಿಸ್ತಾ ಏರಿಸ್ತಾ ಕೊನೆಗೆ 260 ಫ್ಯಾರನ್‌ಹೀಟ್, ಅಂದ್ರೆ ಸುಮಾರು 127 ಸೆಲ್ಸಿಯಸ್ ತನಕ ಹೋದ್ರು. ಒಳಗಿಟ್ಟಿದ್ದ ಮೊಟ್ಟೆ ಗಟ್ಟಿಯಾಗಿ ಬೆಂದೋಯ್ತು, ಮಾಂಸ ಬೆಂತು, ಮನುಷ್ಯರು ಮಾತ್ರ ಸ್ವಲ್ಪ ಹೊತ್ತು ಇದ್ದು ಕ್ಷೇಮವಾಗಿ ಹೊರಗೆ ಬಂದ್ರು. ಗಾಳಿ ಒಣಗಿತ್ತು, ಬೆವರು ಆರ್ತಿತ್ತು. ಅದೇ ಕೋಣೆಯಲ್ಲಿ ಪಾತ್ರೆಲಿಟ್ಟ ನೀರೂ ಕುದಿಲಿಲ್ಲ, ಆವಿಯಾಗ್ತಾ ತಣ್ಣಗಾಗ್ತಾ ಇತ್ತು, ಮೇಲೆ ಸ್ವಲ್ಪ ಎಣ್ಣೆ ಹಾಕಿ ಆವಿ ಹೋಗೋ ದಾರಿ ಮುಚ್ಚಿದ ಮೇಲೆ ಕುದೀತು. ಕರಾವಳಿಯ ತೇವದ ಗಾಳಿ ನಮ್ಮ ಚರ್ಮಕ್ಕೆ ಮಾಡೋದು ಆ ಎಣ್ಣೆಯ ಕೆಲಸನೇ.

ಮಾನ್ವಿಯವ:
ಸರ್ ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಥ್ಯಾಂಕ್ಸ್. ಹಂಗಾದ್ರ ನಮ್ಮೂರಿನ 42 ಸೇಫ್ ಅಂತ ಆತೇನ್ರಿ?

ಸೇಡಂ_ರಸ್ತೆ:
ಇಲ್ಲ ಇಲ್ಲ, ಹಂಗ ತಿಳ್ಕೋಬ್ಯಾಡ್ರಿ. ಕಲಬುರಗಿಯವ ನಾನು. ನಮ್ಮಲ್ಲಿ ಬೆವರು ಬಂದದ್ದೇ ಗೊತ್ತಾಗಂಗಿಲ್ಲ, ಬಂದಂಗ ಒಣಗ್ತದ, ಅಂಗಿ ಮ್ಯಾಲ ಬಿಳೀ ಉಪ್ಪಿನ ಗೆರಿ ಬಿದ್ದಾಗಷ್ಟ ತಿಳೀತದ ಎಷ್ಟು ನೀರು ಹೋಗ್ಯದ ಅಂತ. ಹೊಲದಾಗ ಇರೋರು ನೀರಡಿಕಿ ಆಗ್ಲಿಲ್ಲ ಅಂತ ಮಧ್ಯಾಹ್ನತನಕ ಹಂಗೇ ದುಡೀತಾರ, ಆಮ್ಯಾಲ ಕಣ್ಣು ಕತ್ತಲಿ ಬಂದು ಬೀಳ್ತಾರ. ಸರ್ಕಾರ ಏಪ್ರಿಲ್-ಮೇ ಒಳಗ ಕಲಬುರಗಿ ವಿಭಾಗಕ್ಕ, ವಿಜಯಪುರ ಬಾಗಲಕೋಟಿಗೆ ಆಫೀಸ್ ಟೈಮು ಮುಂಜಾನೆ 8 ರಿಂದ 1:30 ಮಾಡ್ತದ, ಅದು ಸುಮ್ನ ಮಾಡಿದ್ದಲ್ಲ. ಆದ್ರ ಹೊಲದಾಗ, ಕಲ್ಲಿನ ಕ್ವಾರಿಯಾಗ, ಉದ್ಯೋಗ ಖಾತ್ರಿ ಕೆಲಸದಾಗ ದುಡಿಯೋರಿಗೆ ಆ ಟೈಮಿಂಗ್ ಎಲ್ಲಾ ಕಡೆ ಸಿಗವಲ್ದು, ನನಗ ಭಾಳ ಸಂಕಟ ಆಗೋದು ಅದೇ. ಫ್ಯಾನಿನ ಕೆಳಗ ಕುಂತವರಿಗೆ ರಜಾ, ಬಿಸಿಲಾಗ ನಿಂತವರಿಗೆ ಇಲ್ಲ.

ಮೆಡಿಕಲ್_ಮೇಷ್ಟ್ರು:
ಸೇಡಂ ರಸ್ತೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ಒಣ ಬಿಸಿಲಲ್ಲಿ ತಂಪಾಗೋ ವ್ಯವಸ್ಥೆ ಚೆನ್ನಾಗಿ ನಡೆಯತ್ತೆ, ನೀರಿರೋ ತನಕ. ಕೆಲಸ ಮಾಡೋರಿಗೆ ಗಂಟೆಗೆ ಒಂದು ಲೀಟರ್ ಬೆವರು ಸುಲಭವಾಗಿ ಹೋಗತ್ತೆ. ಅಷ್ಟು ನೀರು ಹೋದ್ರೆ ರಕ್ತದ ಪ್ರಮಾಣ ಕಮ್ಮಿ ಆಗತ್ತೆ, ಆಗ ದೇಹ ಬಿಪಿ ಉಳಿಸ್ಕೊಳ್ಳೋಕೆ ಚರ್ಮಕ್ಕೆ ಹೋಗೋ ರಕ್ತನೂ ಬೆವರನ್ನೂ ಕಡಿಮೆ ಮಾಡತ್ತೆ, ಅಲ್ಲಿಂದ ಒಳಗಿನ ತಾಪ ಸರ್ರಂತ ಏರೋಕೆ ಶುರು.

ಇನ್ನೊಂದು ಮಾತು, ಫ್ಯಾನ್ ಬಗ್ಗೆ. ತೇವ ಇರೋ ಕಡೆ ಫ್ಯಾನ್ ದೇವರು. ಆದ್ರೆ ತುಂಬಾ ಬಿಸಿ, ತುಂಬಾ ಒಣ ಗಾಳಿಯಲ್ಲಿ ಬರೀ ಫ್ಯಾನ್ ಬಿಸಿಗಾಳಿನ ಮೈಮೇಲೆ ಸುರಿಯತ್ತೆ. ಸಿಡ್ನಿ ವಿಶ್ವವಿದ್ಯಾಲಯದವರು 2019ರಲ್ಲಿ ಆರೋಗ್ಯವಂತ ಗಂಡಸರ ಮೇಲೆ ಮಾಡಿದ ಪ್ರಯೋಗದಲ್ಲಿ, 40 ಡಿಗ್ರಿ 50% ತೇವಾಂಶದಲ್ಲಿ ಫ್ಯಾನಿಂದ ಉಪಯೋಗ ಆಯ್ತು, 47 ಡಿಗ್ರಿ 10% ತೇವಾಂಶದಲ್ಲಿ ಫ್ಯಾನಿಂದ ಹಾನಿನೇ ಆಯ್ತು. ಅದಕ್ಕೇ ಗಾಳಿ 40 ದಾಟಿದ ಮೇಲೆ ಬರೀ ಫ್ಯಾನ್ ನಂಬಬೇಡಿ ಅಂತ ಹೇಳೋದು. ಕಲಬುರಗಿ ಕಡೆ ಮೈಗೆ ನೀರು ಚಿಮುಕಿಸ್ಕೊಂಡು ಫ್ಯಾನ್ ಹಾಕ್ಕೊಳಿ, ಆಗ ಆರೋಕೆ ನೀರು ಸಿಗತ್ತೆ, ಬೆವರೂ ಉಳಿಯತ್ತೆ.

ಓಟ_ಬಿಡದವಳು:
ಮೈಸೂರಲ್ಲಿ ಓಡೋಳು ನಾನು. ಪ್ರತಿ ವರ್ಷ ಮಾರ್ಚಲ್ಲಿ ಉಸಿರು ಕಟ್ಟತ್ತೆ, ಏಪ್ರಿಲ್ ಮಧ್ಯಕ್ಕೆ ಅದೇ ದಾರಿ ಸಲೀಸಾಗತ್ತೆ, ಬಿಸಿಲು ಜಾಸ್ತಿ ಆಗಿರತ್ತೆ ಆದ್ರೂ. ಮನಸ್ಸಿಗೆ ಅಭ್ಯಾಸ ಆಗೋದಾ ಅಥವಾ ದೇಹನೇ ಬದಲಾಗತ್ತಾ? ಮತ್ತೆ ಓಡೋ ಗ್ರೂಪಲ್ಲಿ ಕೆಲವರು ಉಪ್ಪಿನ ಮಾತ್ರೆ ತಗೊಳಿ ಅಂತಾರೆ, ಕೆಲವರು ನೀರು ಎಷ್ಟಾದ್ರೂ ಕುಡಿರಿ ಅಂತಾರೆ.

ಮೆಡಿಕಲ್_ಮೇಷ್ಟ್ರು:
ದೇಹನೇ ಬದಲಾಗತ್ತೆ ಮೇಡಂ. ಒಂದರಿಂದ ಎರಡು ವಾರ ದಿನಾ ಸ್ವಲ್ಪ ಹೊತ್ತು ಸೆಕೆಯಲ್ಲಿ ಕೆಲಸ ಮಾಡಿದ್ರೆ ರಕ್ತದಲ್ಲಿನ ನೀರಿನಂಶ ಹೆಚ್ಚತ್ತೆ, ಬೆವರು ಮೊದಲಿಗಿಂತ ಬೇಗ ಶುರುವಾಗತ್ತೆ, ಜಾಸ್ತಿ ಬರತ್ತೆ, ಅದರಲ್ಲಿ ಉಪ್ಪು ಕಮ್ಮಿ ಇರತ್ತೆ, ಯಾಕಂದ್ರೆ ಗ್ರಂಥಿಯ ನಾಳ ಉಪ್ಪನ್ನ ವಾಪಸ್ ಹೀರ್ಕೊಳ್ಳೋಕೆ ಕಲಿತಿರತ್ತೆ. ಎದೆ ಬಡಿತನೂ ಇಳಿಯತ್ತೆ. ಕೆಲವು ವಾರ ತಂಪಲ್ಲಿದ್ರೆ ಈ ಲಾಭ ಎಲ್ಲ ಹೋಗ್ಬಿಡತ್ತೆ, ಮತ್ತೆ ಮಾರ್ಚಲ್ಲಿ ಮೊದಲಿಂದ. ಎಷ್ಟಾದ್ರೂ ನೀರು ಕುಡಿರಿ ಅನ್ನೋದು ತಪ್ಪು, ಗಂಟೆಗಟ್ಟಲೆ ಬೆವರಿ ಬರೀ ನೀರೇ ಸುರ್ಕೊಂಡ್ರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ತನಕ ಹೋಗಬಹುದು. ಉಪ್ಪಿನ ಮಾತ್ರೆನೂ ಬೇಡ, ಊಟದ ಉಪ್ಪು, ಮಜ್ಜಿಗೆ, ಬೇಕಾದ್ರೆ ಓಆರ್‌ಎಸ್ ಸಾಕು.

ದೇರಾ_ಕನ್ನಡಿಗ:
ದುಬೈಯಿಂದ ಬರೀತಾ ಇದ್ದೇನೆ, ಊರು ಉಡುಪಿ ಹತ್ರ, ಇಲ್ಲಿ ಕಟ್ಟಡ ಸೈಟಿನಲ್ಲಿ ಸೇಫ್ಟಿ ಕೆಲಸ. ಮೇಷ್ಟ್ರು ಅಭ್ಯಾಸದ ವಿಷಯ ಹೇಳಿದ್ರಲ್ಲ, ಅದನ್ನು ನಾನು ದಪ್ಪ ಅಕ್ಷರದಲ್ಲಿ ಬರೀಬೇಕು ಅಂತ ಉಂಟು. ಸೆಕೆಯಲ್ಲಿ ಬೀಳುವವರು ಹೆಚ್ಚಾಗಿ ಹೊಸಬರೇ, ಊರಿಂದ ಈಗಷ್ಟೇ ಬಂದವರು ಅಥವಾ ರಜೆ ಮುಗಿಸಿ ವಾಪಸ್ ಬಂದವರು. ಅಮೆರಿಕದಲ್ಲಿ ಕಾರ್ಮಿಕರ ಸುರಕ್ಷೆ ನೋಡುವ ಸರ್ಕಾರಿ ಸಂಸ್ಥೆ ಓಶಾದ ಒಂದು ನಿಯಮ ನಾವು ಪಾಲಿಸ್ತೇವೆ, ಹೊಸಬರಿಗೆ ಮೊದಲ ದಿನ 20% ಕೆಲಸ ಮಾತ್ರ, ಮತ್ತೆ ದಿನಕ್ಕೆ 20% ಏರಿಸುದು. ಇಲ್ಲಿ ಜೂನ್ 15 ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30 ರಿಂದ 3 ಗಂಟೆವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸ್ಲಿಕ್ಕಿಲ್ಲ, ಕಾನೂನೇ ಉಂಟು. ಆದ್ರೆ ಆಗಸ್ಟಿನಲ್ಲಿ ಸಮುದ್ರದ ಬದಿಯ ರಾತ್ರಿ ಶಿಫ್ಟು ಸಹ ಸುಲಭ ಅಲ್ಲ, ಸೂರ್ಯ ಇಲ್ಲ ಹೌದು, ತೇವ ಅಷ್ಟೇ ಇರ್ತದೆ, ರಾತ್ರಿ 11ಕ್ಕೆ ಹೆಲ್ಮೆಟ್ ಒಳಗಿಂದ ಬೆವರು ಸುರಿತದೆ. ಊರಿನಲ್ಲಿ ಕೆಲಸ ಮಾಡಿಸುವ ಕಂಟ್ರಾಕ್ಟರುಗಳು ಈ ಹೊಸಬರ ಲೆಕ್ಕ ಒಂದು ನೆನಪಿಟ್ಟುಕೊಂಡ್ರೆ ಎಷ್ಟು ಜೀವ ಉಳೀತದೆ.

ಬಳ್ಳಾರಿ_ಸಿಸ್ಟರ್:
ಎಮರ್ಜೆನ್ಸಿ ವಾರ್ಡಲ್ಲಿ ಕೆಲಸ ಮಾಡೋಳಾಗಿ ಕೆಲವು ಮಾತು ಹೇಳ್ಲೇಬೇಕು, ದಯವಿಟ್ಟು ಇದನ್ನ ಮನೇಲಿ ಎಲ್ಲರಿಗೂ ಓದಿ ಹೇಳಿ.

ತಲೆ ಸುತ್ತು, ವಾಕರಿಕೆ, ಕಾಲು ಹಿಡ್ಕೊಳ್ಳೋದು, ವಿಪರೀತ ಸುಸ್ತು ಇದ್ರೆ ನೆರಳಿಗೆ ಕರ್ಕೊಂಡು ಬಂದು ಮಲಗಿಸಿ, ಕಾಲು ಸ್ವಲ್ಪ ಎತ್ತರ ಮಾಡಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ, ಬಹಳ ಜನ ಇದ್ರಲ್ಲೇ ಸುಧಾರಿಸ್ಕೊಳ್ತಾರೆ. ಆದ್ರೆ ಮಾತು ತಡವರಿಸ್ತಾ ಇದ್ರೆ, ಇರೋ ಜಾಗ ಗೊತ್ತಾಗ್ತಿಲ್ಲ ಅಂದ್ರೆ, ಸುಮ್ಮನೆ ಸಿಟ್ಟು ಮಾಡ್ತಿದ್ರೆ, ಫಿಟ್ಸ್ ಬಂದ್ರೆ, ಮೈ ಬೆಂಕಿ ಇದ್ರೆ ಅದು ಹೀಟ್ ಸ್ಟ್ರೋಕ್, ಒಳಗಿನ ತಾಪ 40 ದಾಟಿರತ್ತೆ. 108ಕ್ಕೆ ಫೋನ್ ಮಾಡಿ, ಆದ್ರೆ ಆಂಬುಲೆನ್ಸ್ ಬರೋ ತನಕ ಕೈಕಟ್ಟಿ ಕೂರಬೇಡಿ, ಆಗ್ಲೇ ತಣ್ಣಗೆ ಮಾಡೋಕೆ ಶುರು ಮಾಡಿ. ಬಟ್ಟೆ ಸಡಿಲಿಸಿ, ಬಕೆಟ್ ಗಟ್ಟಲೆ ನೀರು ಮೈಮೇಲೆ ಸುರೀರಿ, ಪಕ್ಕದಲ್ಲಿ ನಿಂತು ಗಾಳಿ ಬೀಸಿ, ಐಸ್ ಸಿಕ್ಕಿದ್ರೆ ಬಟ್ಟೇಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ದೊಡ್ಡ ಟಬ್ಬೋ ನೀರಿನ ತೊಟ್ಟಿನೋ ಇದ್ರೆ ತಲೆ ಮೇಲೆ ಹಿಡಿದು ಮೈ ಮುಳುಗಿಸಿದ್ರೂ ಆಯ್ತು. ಮಿದುಳು, ಲಿವರ್, ಕಿಡ್ನಿ ಉಳಿಯತ್ತಾ ಇಲ್ವಾ ಅನ್ನೋದು ಎಷ್ಟು ಬೇಗ ತಣ್ಣಗೆ ಮಾಡಿದ್ವಿ ಅನ್ನೋದರ ಮೇಲೇ ನಿಂತಿದೆ.

ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗತ್ತೆ. ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರದಲ್ಲಿ ಮಿದುಳೇ ತಾಪದ ಗುರಿನ ಏರಿಸಿರತ್ತೆ, ಆ ಮಾತ್ರೆ ಅದನ್ನ ಇಳಿಸತ್ತೆ. ಇಲ್ಲಿ ಗುರಿ 37ರಲ್ಲೇ ಇದೆ, ಶಾಖ ಹೊರಗೆ ಹೋಗ್ತಿಲ್ಲ ಅಷ್ಟೆ, ಮಾತ್ರೆಗೆ ಮಾಡೋಕೆ ಏನೂ ಕೆಲಸ ಇಲ್ಲ, ಲಿವರ್ರಿಗೆ ಇನ್ನೊಂದು ಹೊರೆ. ಇನ್ನೊಂದು, ಬೆವರು ಬರ್ತಿದೆ ಹಾಗಾಗಿ ಹೀಟ್ ಸ್ಟ್ರೋಕ್ ಅಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ದುಡೀತಾ ದುಡೀತಾ ಬಿದ್ದೋರಿಗೆ ಮೈ ಬೆವರಿಂದ ತೊಯ್ದಿದ್ರೂ ಆಗಿರತ್ತೆ.

ತೋಟದ_ಮನೆ:
ಸಿಸ್ಟರ್, ಕಾದ ಮೈಮೇಲೆ ಒಮ್ಮೆಲೇ ತಣ್ಣೀರು ಸುರಿಬಾರ್ದು, ನರ ಹಿಡಿಯತ್ತೆ ಅಂತ ನಮ್ಮ ದೊಡ್ಡಪ್ಪ ಹೇಳ್ತಿದ್ರು.

ಬಳ್ಳಾರಿ_ಸಿಸ್ಟರ್:
ದೊಡ್ಡೋರು ಕಾಳಜಿಯಿಂದ ಹೇಳಿರ್ತಾರೆ ಅಣ್ಣ, ಆದ್ರೆ ಹೀಟ್ ಸ್ಟ್ರೋಕಲ್ಲಿ ಆ ಭಯದಿಂದ ಕಾಯ್ತಾ ಕೂತ್ರೆ ಮನುಷ್ಯ ಕೈಬಿಟ್ಟು ಹೋಗ್ತಾನೆ. ಓಡ್ತಾ ಬಿದ್ದ ಗಟ್ಟಿ ಹುಡುಗ್ರನ್ನ ಐಸ್ ನೀರಲ್ಲೇ ಮುಳುಗಿಸ್ತಾರೆ, ಅದೇ ಎಲ್ಲಕ್ಕಿಂತ ಒಳ್ಳೇ ಚಿಕಿತ್ಸೆ. ವಯಸ್ಸಾದೋರಿಗೆ ಐಸ್ ನೀರೇ ಬೇಕು ಅಂತಿಲ್ಲ, ನಲ್ಲಿ ನೀರು ಸುರಿದು ಗಾಳಿ ಬೀಸಿದ್ರೆ ಆಯ್ತು, ಆದ್ರೆ ತಡ ಮಾಡಬಾರದು.

ಅಜ್ಜಿಮನೆ_ಹಾಸನ:
ಒಳ್ಳೇ ಚರ್ಚೆ. ನಮ್ಮಲ್ಲಿ ರಾಮನವಮಿಗೆ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಕೊಡ್ತಾರಲ್ಲ, ಇದು ನಿಜವಾಗ್ಲೂ ತಂಪಾ? ಮತ್ತೆ ಖಾರ ತಿಂದ್ರೆ ಉಷ್ಣ ಅಂತಾರೆ, ತಣ್ಣಗನ್ಸೋ ಪೌಡರ್ ಹಾಕ್ಕೊಂಡ್ರೆ ತಂಪು ಅಂತಾರೆ, ಇದರಲ್ಲಿ ಎಷ್ಟು ಸತ್ಯ?

ಮೆಡಿಕಲ್_ಮೇಷ್ಟ್ರು:
ರಾಮನವಮಿ ಬರೋದೇ ಬಿಸಿಲು ಏರೋ ಹೊತ್ತಿಗೆ, ಮೇಡಂ. ಮಜ್ಜಿಗೆ ಉಪ್ಪು ಕೊಡತ್ತೆ, ಪಾನಕ ಬೆಲ್ಲ ಕೊಡತ್ತೆ, ನೆನೆಸಿದ ಬೇಳೆ-ಸೌತೆಕಾಯಿಯಲ್ಲಿ ನೀರಿದೆ. ಸಣ್ಣ ಕರುಳಲ್ಲಿ ಸೋಡಿಯಂ ಮತ್ತೆ ಗ್ಲೂಕೋಸ್ ಜೊತೆಜೊತೆಯಾಗಿ ಒಳಗೆ ಹೋಗ್ತವೆ, ಅವುಗಳ ಹಿಂದೆ ನೀರು ಹೋಗತ್ತೆ, ಓಆರ್‌ಎಸ್ ನಿಂತಿರೋದು ಇದರ ಮೇಲೇ. ಅಂಗಡೀಲಿ ತಗೊಳ್ಳೋವಾಗ ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ನೋಡಿ ತಗೊಳಿ. ಸಕ್ಕರೆ ಜ್ಯೂಸುಗಳನ್ನೇ ಓಆರ್‌ಎಸ್ ಹೆಸರಲ್ಲಿ ಮಾರ್ತಿದ್ರು, 2025ರ ಅಕ್ಟೋಬರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದನ್ನ ನಿಲ್ಲಿಸಿ ಅಂತ ಆದೇಶ ಮಾಡಿದೆ, ಬಹಳ ಒಳ್ಳೇ ಕೆಲಸ ಆಯ್ತು.

ಖಾರ ಮತ್ತೆ ಪೌಡರ್ ವಿಷಯ ನಿಜಕ್ಕೂ ಸ್ವಾರಸ್ಯ ಇದೆ. ಬಿಸಿ ಗುರುತಿಸೋ ನರತುದಿಗಳಲ್ಲಿ ಟಿಆರ್‌ಪಿವಿ1 ಅನ್ನೋ ಪ್ರೋಟೀನ್ ಇದೆ, ಅದು ಸುಮಾರು 43 ಡಿಗ್ರಿ ಬಿಸಿಗೆ ತೆರೆದುಕೊಳ್ಳತ್ತೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ತೆರೆದುಕೊಳ್ಳತ್ತೆ. ಹಾಗಾಗಿ ಖಾರ ತಿಂದಾಗ ನರಕ್ಕೆ ನಿಜವಾಗಿ ಬಿಸಿ ತಾಗಿದ ಸುದ್ದಿನೇ ಹೋಗತ್ತೆ, ಮುಖ ಬೆವರತ್ತೆ. ತಂಪು ಗುರುತಿಸೋದು ಟಿಆರ್‌ಪಿಎಮ್8, ಅದನ್ನ ಮೆಂಥಾಲ್ ತೆರೆಯತ್ತೆ. ಈ ಸಾಲಿನ ಕೆಲಸಕ್ಕೇ 2021ರಲ್ಲಿ ಡೇವಿಡ್ ಜೂಲಿಯಸ್ ಮತ್ತೆ ಆರ್ಡೆಮ್ ಪಟಪೌಟಿಯನ್ ಅವರಿಗೆ ನೊಬೆಲ್ ಬಂತು. ಮೆಂಥಾಲ್ ಪೌಡರಿಂದ ತಂಪಾದ ಅನುಭವ ಬರತ್ತೆ, ಮೈಯ ಶಾಖ ಹೊರಗೆ ಹೋಗಲ್ಲ. ಮನೇಲಿ ಹಾಕ್ಕೊಂಡ್ರೆ ಪರವಾಗಿಲ್ಲ, ಅದನ್ನ ಹಾಕ್ಕೊಂಡು ತಂಪಾಗಿದೀನಿ ಅಂತ ಬಿಸಿಲಲ್ಲಿ ಇನ್ನೂ ಹೊತ್ತು ದುಡಿಯೋದು ಅಪಾಯ. ಪುಟ್ಟ ಮಕ್ಕಳಿಗೆ ಬೆವರುಸಾಲೆ ಆಗೋದು ಬೆವರಿನ ನಾಳ ಮುಚ್ಕೊಂಡು, ಅದರ ಮೇಲೆ ದಪ್ಪಗೆ ಪೌಡರ್ ಮೆತ್ತೋ ಬದಲು ತಣ್ಣೀರಲ್ಲಿ ಮೈ ಒರೆಸಿ ತೆಳು ಹತ್ತಿ ಬಟ್ಟೆ ಹಾಕಿ.

ಕಡಲತಡಿ:
ಮೇಷ್ಟ್ರೇ ಒಂದು ಕೇಳ್ಬೇಕಿತ್ತು. ತೇವ ಹೀಗೇ ಏರಿದ್ರೆ ಮನುಷ್ಯನಿಗೆ ತಡ್ಕೊಳ್ಳಿಕ್ಕೆ ಆಗದ ಒಂದು ಹಂತ ಅಂತ ಉಂಟಾ?

ಮೆಡಿಕಲ್_ಮೇಷ್ಟ್ರು:
ಇದೆ. ಥರ್ಮಾಮೀಟರ್ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದ್ರೆ ತೋರಿಸೋ ತಾಪಕ್ಕೆ ವೆಟ್ ಬಲ್ಬ್ ತಾಪ ಅಂತಾರೆ. ಮೇಲಿನ ನನ್ನ ಉದಾಹರಣೆಯಲ್ಲಿ ರಾಯಚೂರಿಂದು ಸುಮಾರು 22, ಮಂಗಳೂರಿಂದು 28 ದಾಟತ್ತೆ. ಇದು 35 ಮುಟ್ಟಿದ್ರೆ ನೆರಳಲ್ಲಿ ಬೆತ್ತಲೆ ಕೂತು ಫ್ಯಾನ್ ಹಾಕ್ಕೊಂಡ್ರೂ ಶಾಖ ಹೊರಗೆ ಹೋಗಲ್ಲ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು, ಅಂತ 2010ರಲ್ಲಿ ಶೆರ್ವುಡ್ ಮತ್ತೆ ಹ್ಯೂಬರ್ ಲೆಕ್ಕ ಹಾಕಿ ತೋರಿಸಿದ್ರು. ಆಮೇಲೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಗಟ್ಟಿಮುಟ್ಟಾದ ಹುಡುಗ ಹುಡುಗಿಯರನ್ನ ಹಗುರ ಕೆಲಸಕ್ಕೆ ಹಚ್ಚಿ ಅಳೆದಾಗ (2022ರಲ್ಲಿ ಪ್ರಕಟ ಆಯ್ತು) ತೇವದ ಗಾಳಿಯಲ್ಲಿ ವೆಟ್ ಬಲ್ಬ್ 30-31ಕ್ಕೇ ದೇಹದ ಒಳಗಿನ ತಾಪ ಏರೋಕೆ ಶುರುವಾಯ್ತು. ಅವರು ಚಿಕ್ಕ ವಯಸ್ಸಿನೋರು. ಅರವತ್ತು ದಾಟಿದೋರಿಗೆ ಬೆವರೂ ಕಮ್ಮಿ, ಬಾಯಾರಿಕೆನೂ ತಡವಾಗಿ ಗೊತ್ತಾಗತ್ತೆ, ಅವರ ಮಿತಿ ಇನ್ನೂ ಕೆಳಗೆ. ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸೋಕೆ ಬಯಲುಸೀಮೆಗೆ 40 ಇಟ್ಟು ಕರಾವಳಿಗೆ 37 ಇಟ್ಟಿರೋದರ ಹಿಂದೆ ಈ ತೇವದ ಲೆಕ್ಕ ಇದೆ. ಟಿವಿಯಲ್ಲಿ ತಾಪಮಾನ ಒಂದನ್ನೇ ದೊಡ್ಡದಾಗಿ ತೋರಿಸ್ತಾರೆ, ಪಕ್ಕದಲ್ಲಿ ತೇವಾಂಶನೂ ತೋರಿಸಿ ಅಂತ ನಾನು ಸಿಕ್ಕಿದೋರಿಗೆಲ್ಲ ಹೇಳ್ತಾನೇ ಇರ್ತೀನಿ.

ಸೇಡಂ_ರಸ್ತೆ:
ರಾತ್ರಿ ವಿಷಯನೂ ಬರೀರಿ ಸರ್. ತಗಡಿನ ಮನಿಯಾಗ ಇರೋರಿಗೆ ಹಗಲಿಗಿಂತ ರಾತ್ರಿನೇ ತ್ರಾಸು, ತಗಡು ಗ್ವಾಡಿ ಕಾದು ಬಿಟ್ಟಿರ್ತದ. ದೇಹಕ್ಕ ಚೇತರಿಸಿಕೊಳ್ಳಾಕ ಟೈಮೇ ಸಿಗಂಗಿಲ್ಲ. ಅಹಮದಾಬಾದಿನಾಗ 2010ರ ಮೇ ಒಳಗ ಯಾವಾಗ್ಲೂ ಆಗೋದಕ್ಕಿಂತ 1,344 ಸಾವು ಹೆಚ್ಚಿಗಿ ಆಗಿದ್ವು, ಆಮ್ಯಾಲ 2013ಕ್ಕ ಅವರು ಹೀಟ್ ಆಕ್ಷನ್ ಪ್ಲಾನ್ ಮಾಡಿದ್ರು, ಮುಂದ ಬಡವರ ಮನಿ ಮಾಳಿಗಿಗೆ ಬಿಳೀ ಸುಣ್ಣ ಬಳಿಯೋದನ್ನೂ ಅದರಾಗ ಸೇರಿಸಿದ್ರು. ನಮ್ಮ ಓಣ್ಯಾಗ ನಾವು ಹುಡುಗ್ರು ಕೂಡಿ ನಾಕು ಮನಿ ತಗಡಿಗೆ ಬಳದೀವಿ, ಒಳಗ ಕುಂತವರಿಗೆ ಫರಕ್ ಗೊತ್ತಾಗ್ತದ. ಉಳದ ಮನಿಗೂ ಮಾಡೋದದ.

ಮಾನ್ವಿಯವ:
ಎಲ್ಲಾರಿಗೂ ಕೈ ಮುಗಿದು ಥ್ಯಾಂಕ್ಸ್. ಕೂಲರ್ ಕ್ಯಾನ್ಸಲ್, ಎರಡು ಸ್ಟ್ಯಾಂಡ್ ಫ್ಯಾನ್ ತಗೋತೀನಿ. ಸಿಸ್ಟರ್, ಅವ್ವನ ಗುಳಿಗಿ ಬಗ್ಗೆ ಏನರ ಹೇಳ್ರಿ.

ಬಳ್ಳಾರಿ_ಸಿಸ್ಟರ್:
ಬಿಪಿ ಗುಳಿಗೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿ ನೀರು-ಉಪ್ಪು ಹೊರಗೆ ಹಾಕ್ತವೆ, ಬೀಟಾ ಬ್ಲಾಕರ್ ಇದ್ರೆ ಹೃದಯ ಜೋರಾಗಿ ಹೊಡೆಯೋಕೆ ಬಿಡಲ್ಲ, ಚರ್ಮಕ್ಕೆ ರಕ್ತ ಹೋಗೋದೂ ಕಮ್ಮಿ ಆಗತ್ತೆ. ಹಾಗಂತ ನೀವಾಗೇ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಅಮ್ಮ ಊರಿಂದ ಹೊರಡೋ ಮೊದಲೇ ಚೀಟಿ ತಗೊಂಡು ಅಲ್ಲಿನ ಡಾಕ್ಟರ್ ಹತ್ರ ಹೋಗಿ, ಮಂಗಳೂರಿನ ಸೆಕೆಗೆ ಹೋಗ್ತಿದೀವಿ, ಡೋಸ್ ಬದಲಾಯಿಸಬೇಕಾ, ದಿನಕ್ಕೆ ಎಷ್ಟು ನೀರು ಕುಡಿಬಹುದು, ಓಆರ್‌ಎಸ್ ಉಪ್ಪು ನಡೆಯತ್ತಾ ಅಂತ ಕೇಳಿ. ಬಂದ ಮೇಲೆ ಮೊದಲ ವಾರ ಮಧ್ಯಾಹ್ನ ಹೊರಗೆ ಕರ್ಕೊಂಡು ಹೋಗಬೇಡಿ. ಬಾಯಾರಿಕೆ ಆಯ್ತಾ ಅಂತ ಕೇಳಬೇಡಿ, ಲೋಟ ಕೈಗೆ ಕೊಡಿ. ಮೂತ್ರ ಗಾಢ ಹಳದಿ ಆದ್ರೆ, ಎದ್ದಾಗ ತಲೆ ಸುತ್ತಿದ್ರೆ ಬಿಪಿ ನೋಡಿಸಿ.

ಕಡಲತಡಿ:
ಮತ್ತೆ ಬೆಳಿಗ್ಗೆ ಬೀಚಿಗೆ ಕರ್ಕೊಂಡು ಹೋಗುದಾದ್ರೆ ಏಳು ಗಂಟೆಯೊಳಗೆ ವಾಪಸ್ ಬನ್ನಿ. ಫ್ಯಾನು ಒಂದನ್ನು ಕಿಟಕಿ ಬದಿ ಇಡಿ, ಮಂಚ ಗೋಡೆಗೆ ತಾಗಿಸ್ಬೇಡಿ. ಮನೆ ಯಾವ ಕಡೆ ನೋಡಿದ್ದು? ಮೇಲಿನ ಮಾಳಿಗೆ ಆದ್ರೆ ಕೆಳಗಿನದು ಸಿಗ್ತದಾ ಅಂತ ಓನರ್ ಹತ್ರ ಈಗಲೇ ಕೇಳಿ.

ಮಾನ್ವಿಯವ:
ಮ್ಯಾಲಿನ ಮಾಳಿಗಿನೇ ಅದರಿ, ಮ್ಯಾಲ ಸಿಮೆಂಟ್ ಶೀಟ್. ನಾಳೆ ಮುಂಜಾನೆ ಓನರ್ ಹತ್ರ ಮಾತಾಡ್ತೀನಿ, ಕೆಳಗ ಸಿಗ್ಲಿಲ್ಲಂದ್ರ ಶೀಟಿಗೆ ಸುಣ್ಣ ಬಳಿಯಾಕ ಒಪ್ಪಿಗಿ ಕೇಳ್ತೀನಿ. ಸೇಡಂ ರಸ್ತೆ ಅಣ್ಣಾರ, ಸುಣ್ಣದ ಜೊತಿ ಏನು ಕೂಡಿಸಿದ್ರ ಮಳಿಗೆ ಹೋಗಂಗಿಲ್ಲ ಅಂತ ಬರೀರಿ.

ಸೇಡಂ_ರಸ್ತೆ:
ಫೆವಿಕಾಲ್ ಕೂಡಿಸಿ ಎರಡು ಸಲ ಬಳೀರಿ, ಮೊದ್ಲು ಶೀಟ್ ಚಲೋತ್ನಂಗ ತೊಳದು ಒಣಗಿಸ್ರಿ. ಸಿಮೆಂಟ್ ಶೀಟ್ ಮ್ಯಾಲ ನೇರ ಹತ್ತಬ್ಯಾಡ್ರಿ, ಮುರೀತದ, ಹಲಗಿ ಹಾಕ್ಕೊಂಡು ಹತ್ರಿ. ನಿಮ್ಮ ಮಂಗಳೂರು ಮಳಿಗೆ ಅದು ತಡಿಯಂಗಿಲ್ಲ, ಪ್ರತಿ ವರ್ಷ ಮಾರ್ಚ್ ಒಳಗ ಮತ್ತ ಬಳೀಬೇಕಾಗ್ತದ.